ಕೊರಿಯಾದಲ್ಲಿ ಮೊದಲ ನೂರು ದಿನ

ನಮ್ಮ ಉಚಿತ ವಾಚನಾಲಯದ ಮೇಜಿನ ಬಳಿಗೆ ಬರುವವರು ಸಾಮಾನ್ಯವಾಗಿ ಕೇಳುವುದು ಕಾದಂಬರಿಗಳನ್ನು, ಇಲ್ಲವೆ ಪರೀಕ್ಷೆಗೆ ಬೇಕಾದ ಪುಸ್ತಕಗಳನ್ನು. ಎರಡು ವರ್ಷಗಳ ಹಿಂದೆ ಒಂದು ಸಂಜೆ ನಮ್ಮ ಸದಸ್ಯರೊಬ್ಬರು ಮಗನನ್ನು ಜೊತೆಯಲ್ಲಿ ಕರೆತಂದು, "ಕೊರಿಯಾ ದೇಶದ ವಿಷಯವಾಗಿ ಕನ್ನಡದಲ್ಲಿ ಏನಾದರೂ ಇದೆಯೇ?" ಎಂದು ಕೇಳಿದರು. ಹುಡುಗನಿಗೆ ಅಲ್ಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಸ್ಥಳ ಸಿಕ್ಕಿತ್ತು. ನಾವು ಕಪಾಟುಗಳನ್ನೆಲ್ಲ ಹುಡುಕಿದೆವು. ಒಂದು ಹಳೆಯ ಭೂಗೋಳದಲ್ಲಿ ಅರ್ಧ ಪುಟ ಸಿಕ್ಕಿತು. ಅಪ್ಪ ಮಗ ಇಬ್ಬರೂ ಅದನ್ನೇ ಓದಿ, ನಮಸ್ಕಾರ ಹೇಳಿ ಹೋದರು.

ಹುಡುಗ ಹೋದ. ಹೋದ ಮೊದಲ ಮೂರು ತಿಂಗಳಲ್ಲಿ ಅವನು ಪಟ್ಟ ಪಾಡು ನಮಗೆ ತಿಳಿದದ್ದು ಬಹಳ ತಡವಾಗಿ. ಆ ಅರ್ಧ ಪುಟಕ್ಕೆ ಬದಲಾಗಿ ಐದಾರು ಪುಟವನ್ನಾದರೂ ಅವನ ಕೈಗೆ ಕೊಡಲು ಸಾಧ್ಯವಾಗಿದ್ದರೆ ಆ ಪಾಡಿನಲ್ಲಿ ಅರ್ಧವಾದರೂ ಕಡಿಮೆಯಾಗುತ್ತಿತ್ತೆಂದು ನಮಗೆ ಅನ್ನಿಸಿದೆ. ಆ ಕೊರತೆಯನ್ನು ಈಗ ತುಂಬುವುದಕ್ಕಾಗಿ ಈ ಲೇಖನ. ಓದಲು ಹೋಗುವ ತರುಣರಿಗೆ ಮಾತ್ರವಲ್ಲ, ಅವರನ್ನು ಕಳುಹಿಸಿ ಇಲ್ಲಿ ಉಳಿಯುವ ತಾಯಿತಂದೆಗಳಿಗೂ ಇದು ಉಪಯೋಗಕ್ಕೆ ಬರಬಹುದು.

ಮೊದಲು ದೇಶದ ಪರಿಚಯ. ಇಲ್ಲಿ ನಾವು ಹೇಳುವುದು ದಕ್ಷಿಣ ಕೊರಿಯಾದ ವಿಷಯ. ಅದರ ವಿಸ್ತೀರ್ಣ ಸುಮಾರು ಒಂದು ಲಕ್ಷ ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ಐದು ಕೋಟಿಗೆ ಸ್ವಲ್ಪ ಮೇಲೆ. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆಯಲ್ಲಿದ್ದ ಈ ದೇಶಕ್ಕೆ ಬಿಡುಗಡೆಯಾದದ್ದು 1945ರ ಆಗಸ್ಟ್ 15ರಂದು. ನಮ್ಮ ಸ್ವಾತಂತ್ರ್ಯದ ದಿನವೂ ಅದೇ ತಾರೀಖು, ಎರಡು ವರ್ಷ ಈಚೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ನಾವಿಲ್ಲಿ ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಮಗನೊಡನೆ ಮಾತಾಡೋಣವೆಂದರೆ ಅಲ್ಲಿ ಹನ್ನೆರಡೂವರೆಯಾಗಿರುತ್ತದೆ. ಸಣ್ಣ ಸಂಗತಿಯಾದರೂ ಮನೆಯವರು ಇದನ್ನು ನೆನಪಿಡಬೇಕು.

ಚೆನ್ನೈಗೂ ಕೊರಿಯಾಕ್ಕೂ ಇರುವ ನಂಟು ಮೋಟಾರು ಕಾರುಗಳಿಂದ ಆರಂಭವಾಯಿತೆಂದು ಹಲವರು ತಿಳಿದಿದ್ದಾರೆ. ಹ್ಯುಂಡೈ ಕಂಪೆನಿ 1996ರಲ್ಲಿ ಇಲ್ಲಿ ನೆಲೆಯೂರಿ, ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟ್ಟೈಯಲ್ಲಿ ಕಾರ್ಖಾನೆ ಕಟ್ಟಿ, 1998ರಲ್ಲಿ ಮೊದಲ ಕಾರನ್ನು ಹೊರತಂದದ್ದು ನಿಜ. ಆದರೆ ಅದಕ್ಕೂ ಹಿಂದಿನ ಒಂದು ಕಥೆಯಿದೆ. ಅದರಲ್ಲಿ ಕನ್ನಡನಾಡಿನವರೊಬ್ಬರ ಪಾತ್ರವೂ ಇದೆ.

ಕೊರಿಯಾದ ಯುದ್ಧ 1950ರಲ್ಲಿ ಆರಂಭವಾಗಿ 1953ರಲ್ಲಿ ನಿಂತಿತು. ಸೆರೆಸಿಕ್ಕ ಸೈನಿಕರಲ್ಲಿ ತಮ್ಮ ದೇಶಕ್ಕೆ ಮರಳಲು ಒಪ್ಪದವರು ಅನೇಕರಿದ್ದರು. ಅವರ ವಿಚಾರವನ್ನು ನೋಡಿಕೊಳ್ಳಲು ಐದು ತಟಸ್ಥ ರಾಷ್ಟ್ರಗಳ ಒಂದು ಆಯೋಗ ಏರ್ಪಟ್ಟಿತು. ಅದರ ಅಧ್ಯಕ್ಷರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ. ಎಸ್. ತಿಮ್ಮಯ್ಯನವರು. ಕೊನೆಗೆ ಉತ್ತರಕ್ಕೂ ದಕ್ಷಿಣಕ್ಕೂ ಚೀನಾಕ್ಕೂ ಹೋಗಲೊಲ್ಲದ 88 ಮಂದಿ ಉಳಿದರು. 76 ಕೊರಿಯನ್ನರು, 12 ಚೀನೀಯರು. 1954ರಲ್ಲಿ ಭಾರತದ ಸೈನಿಕರೊಡನೆ ಹಡಗಿನಲ್ಲಿ ಬಂದು ಅವರು ಇಳಿದದ್ದು ನಮ್ಮ ಈ ಮದರಾಸಿನ ಬಂದರಿನಲ್ಲಿಯೇ. ಮುಂದೆ ಅವರಲ್ಲಿ ಅನೇಕರು ಬ್ರೆಜಿಲ್, ಅರ್ಜೆಂಟೀನಾ ದೇಶಗಳಿಗೆ ಹೋದರು. ಕೆಲವರು ಭಾರತದಲ್ಲಿಯೇ ನಿಂತರು. ಭಾಷೆ ಬಾರದು, ಊಟ ಒಗ್ಗದು, ಬಿಸಿಲು ತಡೆಯದು, ಊರಿಗೆ ಮರಳುವ ದಾರಿಯೂ ಇಲ್ಲ. ಪರದೇಶದ ಮೊದಲ ದಿನಗಳೆಂದರೇನೆಂಬುದನ್ನು ಅವರು ಇಲ್ಲಿ ಕಂಡರು. ಈಗ ನಮ್ಮ ಹುಡುಗರು ಅಲ್ಲಿ ಕಾಣುತ್ತಿದ್ದಾರೆ. ನಮ್ಮ ಹುಡುಗರಿಗಾದರೋ ಮರಳಲು ಮನೆಯೊಂದಿದೆ.

ಇನ್ನು ಹೊರಡುವ ಮೊದಲಿನ ಕೆಲಸಗಳನ್ನು ನೋಡೋಣ.

ವಿದ್ಯಾರ್ಥಿಗೆ ಕೊಡುವ ವೀಸಾಗಳಲ್ಲಿ ಮುಖ್ಯವಾದವು ಎರಡು. ಪದವಿಗಾಗಿ ಓದುವವರಿಗೆ ಡಿ-2, ಭಾಷೆ ಮಾತ್ರ ಕಲಿಯಲು ಹೋಗುವವರಿಗೆ ಡಿ-4. ಇವೆರಡರ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳದ ಮಧ್ಯವರ್ತಿಗಳಿದ್ದಾರೆ. "ಮೊದಲು ಹೋಗಲಿ, ಆಮೇಲೆ ಎಲ್ಲ ತಾನಾಗಿಯೇ ಆಗುತ್ತದೆ" ಎನ್ನುವ ಮಾತನ್ನು ನಂಬಬಾರದು. ಭಾಷಾಶಾಲೆಗೆ ಸೇರಿದ ಮಾತ್ರಕ್ಕೆ ಪದವಿ ತರಗತಿಯಲ್ಲಿ ಸ್ಥಳ ಸಿಕ್ಕಂತಾಗಲಿಲ್ಲ. ಅದಕ್ಕೆ ಬೇರೆ ಅರ್ಜಿ, ಬೇರೆ ಆಯ್ಕೆ. ಕಾಗದದ ಮೇಲೆ ಯಾವ ವೀಸಾ ಎಂದು ಬರೆದಿದೆಯೋ ಅದನ್ನು ತಂದೆಯಾದವನು ತನ್ನ ಕಣ್ಣಿನಿಂದ ಓದಿ ತಿಳಿಯತಕ್ಕದ್ದು.

ಅಂಕಪಟ್ಟಿ ಪದವಿಪತ್ರಗಳಿಗೆ 'ಅಪೊಸ್ಟಿಲ್' ಎಂಬ ಮುದ್ರೆ ಬೇಕಾಗುತ್ತದೆ. ಒಂದು ದೇಶದ ಕಾಗದಪತ್ರ ನಿಜವಾದದ್ದೆಂದು ಮತ್ತೊಂದು ದೇಶ ಒಪ್ಪಿಕೊಳ್ಳುವುದಕ್ಕಾಗಿ ಮಾಡಿಕೊಂಡ ಅಂತರರಾಷ್ಟ್ರೀಯ ಏರ್ಪಾಡು ಇದು. ಭಾರತ 2005ರಲ್ಲಿಯೂ ಕೊರಿಯಾ 2007ರಲ್ಲಿಯೂ ಇದಕ್ಕೆ ಸೇರಿದುವು. ಇದಕ್ಕೆ ವಾರಗಳು ಹಿಡಿಯುವುದುಂಟು. ಕೊನೆಯ ಗಳಿಗೆಗೆ ಬಿಡಬಾರದು. ಕ್ಷಯರೋಗವಿಲ್ಲವೆಂಬ ವೈದ್ಯರ ಪತ್ರವೂ ಬೇಕು. ಅದನ್ನು ಅವರು ಗೊತ್ತುಮಾಡಿದ ಆಸ್ಪತ್ರೆಗಳಿಂದಲೇ ಪಡೆಯಬೇಕು. ನಮ್ಮ ಬೀದಿಯ ಡಾಕ್ಟರರ ಪತ್ರ ನಡೆಯುವುದಿಲ್ಲ.

ಹಣದ ವಿಷಯ. ಲೆಕ್ಕ ಬರೆಯುವುದೇ ನಮ್ಮ ಕಸುಬಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಅಲ್ಲಿಯ ನಾಣ್ಯಕ್ಕೆ 'ವನ್' ಎಂದು ಹೆಸರು. ಈಚಿನ ವರ್ಷಗಳಲ್ಲಿ ಒಂದು ರೂಪಾಯಿಗೆ ಸುಮಾರು 15ರಿಂದ 17 ವನ್ ಬರುತ್ತದೆ. 2023ರಲ್ಲಿ ಗೊತ್ತುಮಾಡಿದಂತೆ, ಪದವಿಗೆ ಹೋಗುವವನು ತನ್ನ ಖರ್ಚಿಗೆ ಎರಡು ಕೋಟಿ ವನ್, ಭಾಷಾಶಾಲೆಗೆ ಹೋಗುವವನು ಒಂದು ಕೋಟಿ ವನ್ ಇದೆಯೆಂದು ತೋರಿಸಬೇಕು; ರಾಜಧಾನಿಯ ಸುತ್ತಲಿನ ಪ್ರದೇಶದಿಂದ ಹೊರಗಿರುವ ಊರುಗಳಿಗೆ ಸ್ವಲ್ಪ ಕಡಿಮೆ. ಕೋಟಿಯೆಂದು ಕೇಳಿ ಎದೆಯೊಡೆದುಕೊಳ್ಳಬೇಕಾಗಿಲ್ಲ. ಎರಡು ಕೋಟಿ ವನ್ ಎಂದರೆ ಸುಮಾರು ಹನ್ನೆರಡು ಹದಿಮೂರು ಲಕ್ಷ ರೂಪಾಯಿ. ಆದರೆ ಕೂಲಿ ಸಂಬಳದ ಮನೆಗಳಿಗೆ ಅದೂ ಸಣ್ಣ ಮೊತ್ತವಲ್ಲ. ಈ ನಿಯಮಗಳು ಆಗಾಗ ಬದಲಾಗುವುದರಿಂದ ಅರ್ಜಿ ಹಾಕುವ ದಿನದ ನಿಯಮವನ್ನು ದೂತಾವಾಸದ ಪ್ರಕಟನೆಯಿಂದಲೇ ತಿಳಿಯತಕ್ಕದ್ದು.

ನಾವು ಮೇಲೆ ಹೇಳಿದ ಹುಡುಗನ ತಂದೆಗೆ ಮಧ್ಯವರ್ತಿಯೊಬ್ಬನು, "ತೋರಿಸುವ ಹಣವನ್ನು ನಾವೇ ನಿಮ್ಮ ಖಾತೆಗೆ ಹಾಕುತ್ತೇವೆ, ಬಡ್ಡಿ ಕೊಟ್ಟರೆ ಸಾಕು" ಎಂದಿದ್ದನಂತೆ. ಅವರು ಒಪ್ಪಲಿಲ್ಲ, ಊರಿನಲ್ಲಿದ್ದ ಒಂದು ತುಂಡು ಜಮೀನನ್ನು ಅಡವಿಟ್ಟರು. ಒಪ್ಪದೆ ಇದ್ದದ್ದು ಒಳ್ಳೆಯದಾಯಿತು. ಹಣ ಇದೆಯೆಂದು ಸರ್ಕಾರ ಕೇಳುವುದು ಕಾಗದಕ್ಕಾಗಿ ಅಲ್ಲ. ಹುಡುಗ ಅಲ್ಲಿ ಹಸಿದಿರಬಾರದೆಂದು. ವೀಸಾ ಸಿಕ್ಕ ಮರುದಿನ ಆ ಹಣ ಮಧ್ಯವರ್ತಿಯ ಕೈಗೆ ಮರಳಿದರೆ ಹುಡುಗನ ಕೈಯಲ್ಲಿ ಉಳಿಯುವುದು ಬಡ್ಡಿಯ ಭಾರ ಮಾತ್ರ. ಆಗ ಅವನು ಅನುಮತಿಯಿಲ್ಲದೆ ಕೂಲಿಗೆ ಹೋಗುತ್ತಾನೆ. ಸಿಕ್ಕಿಬಿದ್ದರೆ ದಂಡ, ಕೆಲವೊಮ್ಮೆ ದೇಶದಿಂದಲೇ ಹೊರಗೆ. ಓದುವ ಹುಡುಗರು ಬಿಡುವಿನ ವೇಳೆಯಲ್ಲಿ ದುಡಿಯಬಾರದೆಂದಿಲ್ಲ. ಆದರೆ ವಿಶ್ವವಿದ್ಯಾಲಯದ ಒಪ್ಪಿಗೆ, ವಲಸೆ ಕಚೇರಿಯ ಅನುಮತಿ ಎರಡೂ ಮೊದಲು ಬೇಕು. ವಾರಕ್ಕೆ ಎಷ್ಟು ಗಂಟೆ ಎಂಬುದಕ್ಕೂ ಮಿತಿಯಿದೆ.

ಜಾಣ ಬಡ ವಿದ್ಯಾರ್ಥಿಗಳಿಗೆ ಮತ್ತೊಂದು ದಾರಿಯುಂಟು. ಕೊರಿಯಾ ಸರ್ಕಾರವೇ ಪರದೇಶದ ವಿದ್ಯಾರ್ಥಿಗಳಿಗೆ ಪ್ರತಿವರ್ಷ ವಿದ್ಯಾರ್ಥಿವೇತನ ಕೊಡುತ್ತದೆ. ವಿಮಾನದ ವೆಚ್ಚ, ಶುಲ್ಕ, ತಿಂಗಳ ಖರ್ಚು ಎಲ್ಲ ಅದರಲ್ಲಿ ಸೇರಿದೆ. ಹೀಗೆ ಆಯ್ಕೆಯಾದವರು ಮೊದಲ ಒಂದು ವರ್ಷ ಭಾಷೆಯನ್ನೇ ಕಲಿಯಬೇಕು. ಅಲ್ಲಿಯ ಭಾಷಾ ಪರೀಕ್ಷೆಯಾದ 'ಟೋಪಿಕ್'ನಲ್ಲಿ ಆರು ದರ್ಜೆಗಳಿವೆ. ಮೂರನೆಯ ದರ್ಜೆ ಮುಟ್ಟದೆ ಪದವಿ ತರಗತಿಗೆ ಪ್ರವೇಶವಿಲ್ಲ. ಐದು ಅಥವಾ ಆರನೆಯ ದರ್ಜೆ ಮೊದಲೇ ಪಡೆದವರಿಗೆ ಆ ಒಂದು ವರ್ಷದ ವಿನಾಯಿತಿ.

ಈಗ ಭಾಷೆಯ ಮಾತಿಗೆ ಬರೋಣ. ಮೊದಲ ದಿನಗಳ ದುಃಖದಲ್ಲಿ ಮುಕ್ಕಾಲು ಪಾಲು ಭಾಷೆಯದು. "ಪಾಠವೆಲ್ಲ ಇಂಗ್ಲಿಷಿನಲ್ಲಿ" ಎಂದು ಹೇಳಿಸಿಕೊಂಡು ಹೋದ ನಮ್ಮ ಹುಡುಗ ಅಲ್ಲಿ ನೋಡಿದರೆ ಅರ್ಧ ತರಗತಿಗಳು ಕೊರಿಯನ್ ಭಾಷೆಯಲ್ಲಿದ್ದುವು. ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಕಲಿಸುವ, 1971ರಲ್ಲಿ ಸ್ಥಾಪಿತವಾದ ಕೈಸ್ಟ್‌ನಂಥ ವಿಜ್ಞಾನ ಸಂಸ್ಥೆಗಳು ಇವೆ. ಆದರೆ ಅಲ್ಲಿ ಕೂಡ ಅಂಗಡಿ, ಬಸ್ಸು, ಬ್ಯಾಂಕು, ಆಸ್ಪತ್ರೆ ಇವೆಲ್ಲ ಆ ನಾಡಿನ ಭಾಷೆಯಲ್ಲಿಯೇ ನಡೆಯುತ್ತವೆ.

ಹೆದರಬೇಕಾಗಿಲ್ಲ. ಅವರ ಲಿಪಿ ಕಲಿಯುವುದು ಬಹಳ ಸುಲಭ. ಹಿಂದೆ ಅವರು ಚೀನೀ ಚಿತ್ರಾಕ್ಷರಗಳಲ್ಲಿ ಬರೆಯುತ್ತಿದ್ದರು. ಅದು ಪಂಡಿತರಿಗೆ ಮಾತ್ರ ಸಾಧ್ಯವಾಗಿತ್ತು. ಸಾಮಾನ್ಯ ಜನ ಓದಲಿ ಬರೆಯಲಿ ಎಂದು ಸೆಜೊಂಗ್ ಎಂಬ ದೊರೆ 1443ರಲ್ಲಿ ಹೊಸ ಅಕ್ಷರಗಳನ್ನು ರಚಿಸಿ, 1446ರಲ್ಲಿ ಪ್ರಕಟಿಸಿದನು. ಆಗ ಇದ್ದುವು 28. ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24, ಅಂದರೆ 14 ವ್ಯಂಜನ, 10 ಸ್ವರ. ಕೆಲವು ವ್ಯಂಜನಗಳ ಆಕಾರವು ಅವನ್ನು ಉಚ್ಚರಿಸುವಾಗ ನಾಲಗೆಯೋ ಬಾಯಿಯೋ ಇರುವ ಆಕಾರದಂತೆಯೇ ಇದೆ. ಈ ಮೂಲಾಕ್ಷರಗಳನ್ನು ಸಾಲಾಗಿ ಬರೆಯದೆ, ಒಂದೊಂದು ಉಚ್ಚಾರಕ್ಕೆ ಒಂದೊಂದು ಗುಂಪಾಗಿ ಕೂಡಿಸುತ್ತಾರೆ. ಕಾಗುಣಿತ ಒತ್ತಕ್ಷರ ಬಲ್ಲ ಕನ್ನಡಿಗನಿಗೆ ಇದು ಹೊಸತೇನಲ್ಲ. ಒಂದು ವಾರ ಶ್ರದ್ಧೆಯಿಂದ ಕುಳಿತರೆ ಬೋರ್ಡು ಓದಲು ಬರುತ್ತದೆ.

ಚೆನ್ನೈಯ ಕನ್ನಡಿಗನಿಗೆ ಇನ್ನೊಂದು ಅನುಕೂಲವಿದೆ. ತಮಿಳಿನಲ್ಲಿ 'ಕ' 'ಗ' ಎರಡಕ್ಕೂ ಒಂದೇ ಅಕ್ಷರ, 'ಪ' 'ಬ' ಎರಡಕ್ಕೂ ಒಂದೇ ಅಕ್ಷರ. ಪದದ ಮೊದಲಲ್ಲಿ ಬಿಗಿಯಾಗಿಯೂ ಎರಡು ಸ್ವರಗಳ ನಡುವೆ ಮೃದುವಾಗಿಯೂ ಓದುತ್ತೇವಷ್ಟೆ. ಕೊರಿಯನ್ನಿನಲ್ಲಿಯೂ ಹಾಗೆಯೇ. ಅವರ ದೊಡ್ಡ ರೇವುಪಟ್ಟಣವನ್ನು ಕೆಲವರು ಪುಸಾನ್ ಎಂದೂ ಕೆಲವರು ಬುಸಾನ್ ಎಂದೂ ಬರೆಯುವುದು ಇದೇ ಕಾರಣದಿಂದ. ನಮ್ಮ ಮಹಾಪ್ರಾಣ ಅವರಲ್ಲಿಯೂ ಉಂಟು. ಗಂಟಲು ಬಿಗಿದು ಹೇಳುವ ಮೂರನೆಯ ಬಗೆಯೊಂದು ಮಾತ್ರ ನಮಗೆ ಹೊಸದು. ಅದನ್ನು ಕಿವಿಯಿಂದಲೇ ಕಲಿಯಬೇಕು.

ವಾಕ್ಯದ ಕಟ್ಟಡವೂ ನಮ್ಮದರಂತೆಯೇ. ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯಾಪದ ಕೊನೆಗೆ. ವಿಭಕ್ತಿಯಂಥ ಪ್ರತ್ಯಯಗಳು ಪದದ ಹಿಂದೆ. 'ನಾನು ಅನ್ನ ಉಣ್ಣುತ್ತೇನೆ' ಎಂಬುದನ್ನು ಅದೇ ಕ್ರಮದಲ್ಲಿ ಅವರ ಪದಗಳನ್ನಿಟ್ಟು ಹೇಳಬಹುದು. ಅಪ್ಪನನ್ನು ಅವರೂ 'ಅಪ್ಪಾ' ಎನ್ನುತ್ತಾರೆ. ಅಮ್ಮನನ್ನು 'ಒಮ್ಮಾ' ಎನ್ನುತ್ತಾರೆ. ಹುಲ್ಬರ್ಟ್ ಎಂಬ ಅಮೆರಿಕದ ವಿದ್ವಾಂಸನು ನೂರಿಪ್ಪತ್ತು ವರ್ಷಗಳ ಹಿಂದೆ ಕೊರಿಯನ್ ಭಾಷೆಗೂ ದ್ರಾವಿಡ ಭಾಷೆಗಳಿಗೂ ಹೋಲಿಕೆ ತೋರಿಸಿ ಒಂದು ವ್ಯಾಕರಣವನ್ನೇ ಬರೆದನು. ಇಂದಿನ ಭಾಷಾಶಾಸ್ತ್ರಜ್ಞರು ಅವೆರಡೂ ಒಂದೇ ಕುಲದವೆಂದು ಒಪ್ಪುವುದಿಲ್ಲ. ಕುಲ ಬೇರೆಯಾದರೂ ನಡೆ ಒಂದೇ ಆಗಿರುವುದು ಕಲಿಯುವವನಿಗೆ ಲಾಭವೇ.

ಕಷ್ಟವಿರುವುದು ಎರಡು ಕಡೆ. ಒಂದು, ಎಣಿಕೆ. ಅವರಲ್ಲಿ ಎರಡು ಎಣಿಕೆಗಳಿವೆ. ಒಂದು ದೇಶ್ಯ, ಇನ್ನೊಂದು ಚೀನಾದಿಂದ ಬಂದದ್ದು. ಗಂಟೆಯನ್ನು ಮೊದಲನೆಯದರಲ್ಲಿಯೂ ನಿಮಿಷವನ್ನು ಎರಡನೆಯದರಲ್ಲಿಯೂ ಹೇಳಬೇಕು. 'ಮೂರು ಗಂಟೆ ಮೂವತ್ತು ನಿಮಿಷ' ಎನ್ನುವಾಗ ಮೊದಲ ಮೂರು 'ಸೆ', ಮೂವತ್ತರಲ್ಲಿರುವ ಮೂರು 'ಸಾಮ್'. ಇನ್ನೊಂದು, ಗೌರವ. ನಮ್ಮಲ್ಲಿ ನೀನು, ನೀವು ಎಂಬ ಭೇದವಿದ್ದಂತೆ ಅವರಲ್ಲಿ ಕ್ರಿಯಾಪದದ ತುದಿಯಲ್ಲಿ ಹಲವು ಮೆಟ್ಟಿಲುಗಳಿವೆ. ಒಂದು ವರ್ಷ ದೊಡ್ಡವನಾದರೂ ಮಾತಿನ ಧಾಟಿ ಬೇರೆಯಾಗುತ್ತದೆ. ಅದಕ್ಕಾಗಿಯೇ ಪರಿಚಯವಾದ ಕೂಡಲೆ ವಯಸ್ಸು ಕೇಳುತ್ತಾರೆ. ಇದು ಒರಟುತನವಲ್ಲ, ಹೇಗೆ ಮಾತಾಡಬೇಕೆಂದು ತಿಳಿಯಲು ಕೇಳುವ ಪ್ರಶ್ನೆ. ಹೊಸಬನು ಎಲ್ಲರೊಡನೆ ಗೌರವದ ಮಾತನ್ನೇ ಆಡಿದರೆ ತಪ್ಪಿಲ್ಲ. ವಸ್ತುವನ್ನು ಎರಡು ಕೈಯಿಂದ ಕೊಡುವುದು, ತೆಗೆದುಕೊಳ್ಳುವುದು, ತಲೆಬಾಗುವುದು, ಬಾಗಿಲಲ್ಲಿ ಪಾದರಕ್ಷೆ ಬಿಡುವುದು, ಇವು ನಮ್ಮ ಅಜ್ಜಿಯರು ಕಲಿಸಿದ ಪಾಠಗಳೇ.

ಹೋಗುವ ಮೊದಲು ಇಲ್ಲಿಯೇ ಕಲಿಯುವ ಅವಕಾಶವೂ ಇದೆ. 2006ರಲ್ಲಿ ಚೆನ್ನೈಯಲ್ಲಿ ಆರಂಭವಾದ ಇಂಕೊ ಸೆಂಟರ್ ಎಂಬ ಭಾರತ-ಕೊರಿಯಾ ಸಾಂಸ್ಕೃತಿಕ ಸಂಸ್ಥೆಯಲ್ಲಿ ಕೊರಿಯನ್ ಭಾಷೆಯ ತರಗತಿಗಳು ನಡೆಯುತ್ತವೆ. ಆರು ತಿಂಗಳು ಇಲ್ಲಿ ಕಲಿತು ಹೋಗುವವನಿಗೂ ಬರಿಗೈಯಲ್ಲಿ ಹೋಗುವವನಿಗೂ ಅಜಗಜಾಂತರ.

ಹೋಗಿ ಇಳಿದ ಮೇಲಿನ ಮೊದಲ ಕರ್ತವ್ಯ ಹೆಸರು ನೋಂದಾಯಿಸುವುದು. 90 ದಿನಕ್ಕಿಂತ ಹೆಚ್ಚು ಇರುವ ಪರದೇಶದವರು ಬಂದ 90 ದಿನಗಳೊಳಗೆ ವಲಸೆ ಕಚೇರಿಯಲ್ಲಿ ನೋಂದಾಯಿಸಿ ಚೀಟಿ ಪಡೆಯಬೇಕು. ಈ ಚೀಟಿಯಿಲ್ಲದೆ ಬ್ಯಾಂಕಿನ ಖಾತೆ, ಸ್ವಂತ ಹೆಸರಿನ ದೂರವಾಣಿ ಇವು ದೊರೆಯುವುದು ಕಷ್ಟ. ದಿನ ಗೊತ್ತುಮಾಡಿಕೊಂಡೇ ಕಚೇರಿಗೆ ಹೋಗಬೇಕಾದ್ದರಿಂದ ಬಂದ ವಾರದಲ್ಲಿಯೇ ಇದಕ್ಕೆ ತೊಡಗುವುದು ಲೇಸು. 2021ರ ಮಾರ್ಚಿಯಿಂದ ಪರದೇಶದ ವಿದ್ಯಾರ್ಥಿಗಳೂ ಸರ್ಕಾರದ ಆರೋಗ್ಯ ವಿಮೆಗೆ ಸೇರಲೇಬೇಕು. ತಿಂಗಳ ಕಂತನ್ನು ಬಾಕಿ ಉಳಿಸಿದರೆ ವೀಸಾ ಮುಂದುವರಿಸುವಾಗ ತೊಡಕಾಗುತ್ತದೆ. ಮೂರು ಸಂಖ್ಯೆಗಳನ್ನು ಬಾಯಿಪಾಠ ಮಾಡಿರಬೇಕು: ಪೊಲೀಸರಿಗೆ 112, ಬೆಂಕಿಗೂ ಆಂಬುಲೆನ್ಸಿಗೂ 119, ಪರದೇಶದವರ ಕಾಗದಪತ್ರದ ಸಂದೇಹಗಳಿಗೆ 1345.

ಚಳಿಯ ವಿಷಯ ಹೇಳದಿದ್ದರೆ ಆಗದು. ಅಲ್ಲಿಯ ಕಾಲೇಜು ವರ್ಷ ಮಾರ್ಚಿಯಲ್ಲಿ ಆರಂಭ, ಎರಡನೆಯ ಅವಧಿ ಸೆಪ್ಟೆಂಬರಿನಲ್ಲಿ. ಇಲ್ಲಿ ಬೆವರು ಸುರಿಯುವ ಮಾರ್ಚಿ ಅಲ್ಲಿ ಇನ್ನೂ ನಡುಕದ ತಿಂಗಳು. ಜನವರಿಯಲ್ಲಂತೂ ಸಿಯೋಲ್ ನಗರದ ಸರಾಸರಿ ಉಷ್ಣವೇ ಸೊನ್ನೆಗಿಂತ ಕೆಳಗೆ. ಆದರೆ ಮನೆಯ ಒಳಗೆ ನೆಲವೇ ಬಿಸಿಯಾಗಿರುತ್ತದೆ. ಇದಕ್ಕೆ 'ಒಂದೊಲ್' ಎಂದು ಹೆಸರು. ಹಿಂದೆ ಅಡಿಗೆಮನೆಯ ಒಲೆಯ ಬಿಸಿಹೊಗೆಯನ್ನು ನೆಲದ ಕಲ್ಲುಗಳ ಕೆಳಗೆ ಹಾಯಿಸಿ ಆಚೆ ಬದಿಯ ಚಿಮಣಿಯಿಂದ ಬಿಡುತ್ತಿದ್ದರು. ಈಗ ನೆಲದ ಕೆಳಗಿನ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತದೆ. ನೆಲದ ಮೇಲೆ ಹಾಸಿ ಮಲಗುವ ಅಭ್ಯಾಸವಿರುವ ನಮ್ಮವರಿಗೆ ಇದು ಬಲು ಹಿತ. ದಪ್ಪ ಕೋಟನ್ನು ಇಲ್ಲಿ ಹುಡುಕಿ ಅಲೆಯುವುದಕ್ಕಿಂತ ಅಲ್ಲಿಯೇ ಕೊಳ್ಳುವುದು ಒಳ್ಳೆಯದು. ಮೊದಲ ವಾರಕ್ಕೆ ಒಂದು ಇದ್ದರೆ ಸಾಕು.

ಊಟ. ಅನ್ನವೇ ಅವರಿಗೂ ಮುಖ್ಯ. 'ಊಟವಾಯಿತೆ?' ಎಂದು ಕೇಳಿಯೇ ಅವರೂ ಕುಶಲ ವಿಚಾರಿಸುತ್ತಾರೆ. ಆದರೆ ಸಸ್ಯಾಹಾರಿಗೆ ಕಷ್ಟ. 'ಕಿಮ್ಚಿ' ಎಂಬ ಎಲೆಕೋಸಿನ ಉಪ್ಪಿನಕಾಯಿಯಲ್ಲಿ ಸಾಮಾನ್ಯವಾಗಿ ಮೀನಿನ ರಸವೋ ಸೀಗಡಿಯೋ ಇರುತ್ತದೆ. ಮಾಂಸ ಬೇಡವೆಂದರೆ ಮೀನು ಹಾಕುತ್ತಾರೆ. ಮೀನೂ ಬೇಡವೆಂದರೆ ಸಾರಿನಲ್ಲಿ ಅದರ ರಸವಿರುತ್ತದೆ. ಮೋಸವಲ್ಲ, 'ಮಾಂಸ' ಎಂಬ ಅವರ ಮಾತಿನಲ್ಲಿ ಇವು ಸೇರಿರುವುದಿಲ್ಲ. ಆದುದರಿಂದ ಮಾಂಸ, ಮೀನು, ಮೊಟ್ಟೆ, ಮಾಂಸದ ಸಾರು ಒಂದೊಂದನ್ನೂ ಹೆಸರು ಹೇಳಿ ಬೇಡವೆನ್ನಬೇಕು. ಅಲ್ಲಿಯ ಬೌದ್ಧ ವಿಹಾರಗಳ ಅಡಿಗೆಯಲ್ಲಿ ಮಾಂಸ ಮೀನುಗಳಿಲ್ಲ. ಬೆಳ್ಳುಳ್ಳಿ ಈರುಳ್ಳಿ ಸಹ ಇಲ್ಲ.

ನಮ್ಮ ಹುಡುಗನಿಗೆ ಇದೇ ಮುಳ್ಳಾಯಿತು. ಆರು ವಾರ ಬ್ರೆಡ್ಡು ಬಾಳೆಹಣ್ಣಿನಲ್ಲಿ ದಿನ ದೂಡಿದನು. ದೂರವಾಣಿಯಲ್ಲಿ ತಾಯಿಗೆ "ಎಲ್ಲ ಚೆನ್ನಾಗಿದೆ" ಎಂದೇ ಹೇಳಿದನು. ಅಡವಿಟ್ಟ ಜಮೀನು ಅವನ ಬಾಯಿ ಕಟ್ಟಿತ್ತು. ಅರ್ಥವಾಗದ ಪಾಠಗಳಿಗೆ ಹೋಗುವುದನ್ನು ನಿಲ್ಲಿಸಿ ಹತ್ತು ದಿನ ಕೋಣೆಯಲ್ಲಿಯೇ ಮಲಗಿದನು. ಮರಳಿ ಬರಲು ಟಿಕೆಟಿನ ಬೆಲೆಯನ್ನೂ ನೋಡಿದ್ದನಂತೆ. ಕೊನೆಗೆ ಹಾಸ್ಟೆಲಿನ ಊಟದ ಮನೆಯಲ್ಲಿ ಬಡಿಸುವ ಹೆಂಗಸೊಬ್ಬಳು ಇವನು ಬರಿಯ ಅನ್ನ ಮಾತ್ರ ತೆಗೆದುಕೊಂಡು ಹೋಗುವುದನ್ನು ಕಂಡು, ಕೈಸನ್ನೆಯಲ್ಲಿ ವಿಚಾರಿಸಿ, ಅವನು ತಿನ್ನದ ಪದಾರ್ಥಗಳ ಹೆಸರುಗಳನ್ನು ತನ್ನ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಅವನು ಆ ಚೀಟಿಯನ್ನು ಓದಲು ಕಲಿತನು. ಅಲ್ಲಿಂದ ಮುಂದೆ ಭಾಷೆಯನ್ನೂ ಕಲಿತನು. ಒಂದು ಅವಧಿಯ ಎರಡು ಪಾಠಗಳಲ್ಲಿ ನಪಾಸಾದನು. ಆ ನಷ್ಟವನ್ನು ಈಗ ತುಂಬಿಕೊಳ್ಳುತ್ತಿದ್ದಾನೆ.

ಇದರಿಂದ ಮನೆಯವರು ಕಲಿಯತಕ್ಕದ್ದೂ ಇದೆ. "ಚೆನ್ನಾಗಿದ್ದೀಯಾ?" ಎಂದು ಕೇಳಿದರೆ "ಹೌದು" ಎಂಬ ಉತ್ತರವೇ ಬರುತ್ತದೆ. "ಇವತ್ತು ಏನು ತಿಂದೆ? ಯಾವ ಪಾಠ ಆಯಿತು? ಯಾರೊಡನೆ ಮಾತಾಡಿದೆ?" ಎಂದು ಕೇಳಬೇಕು. ಸಾಲದ ಮಾತನ್ನು ಮೊದಲ ಮೂರು ತಿಂಗಳು ಎತ್ತದಿದ್ದರೆ ಒಳ್ಳೆಯದು.

ಹೋಗುವವನಿಗೂ ಒಂದು ಮಾತು. ನಮ್ಮ ದೇಶದವರು ಸಿಕ್ಕರೆ ಸಂತೋಷವೇ. ಈ ಊರಿಗೆ ಮೊದಲು ಬಂದ ನಮ್ಮ ಹಿರಿಯರಿಗೂ ಉಡುಪಿಯ ಹೋಟೆಲುಗಳ ಊಟ, ಕನ್ನಡ ಮಾತು ಆಸರೆಯಾಗಿದ್ದುವು. ಆದರೆ ಅವರು ತಮಿಳು ಕಲಿತರು, ಆದುದರಿಂದಲೇ ಇಲ್ಲಿ ನಿಂತರು. ಸಂಘವೆಂಬುದು ಹೊಸ ಊರನ್ನು ಕಲಿಯುವಾಗ ದಣಿದು ಕೂರಲು ಇರುವ ಜಗಲಿ. ಊರಿನಿಂದ ಅಡಗಿಕೊಳ್ಳಲು ಇರುವ ಕೋಣೆಯಲ್ಲ. ಸಂಘದ ಪತ್ರಿಕೆಯಲ್ಲಿಯೇ ಇದನ್ನು ಬರೆಯಲು ನಮಗೆ ಸಂಕೋಚವಿಲ್ಲ.

ಕೊರಿಯಾದಲ್ಲಿ ಮಗು ಹುಟ್ಟಿದ ನೂರನೆಯ ದಿನವನ್ನು ಹಬ್ಬವಾಗಿ ಆಚರಿಸುತ್ತಾರೆ. ಎಳೆಯ ಮಕ್ಕಳು ಬಹಳವಾಗಿ ಸಾಯುತ್ತಿದ್ದ ಹಿಂದಿನ ಕಾಲದಲ್ಲಿ, ನೂರು ದಿನ ದಾಟಿದ ಮಗು ಇನ್ನು ಉಳಿಯುತ್ತದೆಂದು ನೆಮ್ಮದಿ ಪಡುತ್ತಿದ್ದರಂತೆ. ಪರದೇಶದ ಓದಿಗೂ ಈ ಲೆಕ್ಕ ಸರಿಹೊಂದುತ್ತದೆಂದು ನಮ್ಮ ಹುಡುಗನ ಅಭಿಪ್ರಾಯ. ಈ ಲೇಖನಕ್ಕೆ ಬೇಕಾದ ಅನೇಕ ವಿವರಗಳನ್ನು ಬರೆದು ಕಳುಹಿಸಿದವನು ಅವನೇ.

ಅವನ ಬರವಣಿಗೆಯನ್ನೂ, ಆ ಊಟದ ಚೀಟಿಯ ಪ್ರತಿಯನ್ನೂ, ಅವುಗಳ ಕನ್ನಡ ಅರ್ಥದೊಡನೆ ಒಂದು ಕಡತದಲ್ಲಿ ಹಾಕಿ ವಾಚನಾಲಯದ ಭೂಗೋಳದ ಕಪಾಟಿನಲ್ಲಿಟ್ಟಿದ್ದೇವೆ. ಬೇಕಾದವರು ಸಂಜೆ ಬಂದು ಓದಬಹುದು. ಬೇರೆ ದೇಶಗಳಿಗೆ ಓದಲು ಹೋಗಿ ಬಂದ ಸದಸ್ಯರ ಮಕ್ಕಳು ತಮ್ಮ ಮೊದಲ ದಿನಗಳ ಬಗ್ಗೆ ಎರಡು ಪುಟ ಬರೆದುಕೊಟ್ಟರೆ ಅದನ್ನೂ ಸೇರಿಸುತ್ತೇವೆ. ಇನ್ನು ಮುಂದೆ ಕೇಳಿಕೊಂಡು ಬಂದವರನ್ನು ಅರ್ಧ ಪುಟ ತೋರಿಸಿ ಕಳುಹಿಸಬೇಕಾಗಿ ಬಾರದಿರಲಿ.